ಶಾಸಕರ ಪ್ರಶ್ನೆ, ಸಚಿವರ ಉತ್ತರ: ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಜನರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಕಚೇರಿಯಲ್ಲಿ ವಿಷಯ ನಿರ್ವಾಹಕನಾಗಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಅಧಿವೇಶನ ಶುರುವಾಯಿತೆಂದರೆ ನಮ್ಮ ಮೇಜಿನ ಮೇಲೆ ‘ಅತಿ ಜರೂರು’ ಎಂದು ಬರೆದ ಪತ್ರಗಳು ಬಂದು ಬೀಳುತ್ತಿದ್ದವು. ವಿಧಾನಸಭೆಯ ಪ್ರಶ್ನೆಯನ್ನು ಕಚೇರಿಗಳಲ್ಲಿ ‘ಎಲ್‌ಎಕ್ಯೂ’ ಎಂದೂ ವಿಧಾನ ಪರಿಷತ್ತಿನದನ್ನು ‘ಎಲ್‌ಸಿಕ್ಯೂ’ ಎಂದೂ ಕರೆಯುತ್ತಾರೆ. ನಿವೃತ್ತಿಯ ನಂತರ ಊರಿನವರು, ಸಂಘಗಳವರು, ಕೆರೆ ಅಚ್ಚುಕಟ್ಟಿನ ರೈತರು ಈ ಪ್ರಶ್ನೋತ್ತರಗಳ ಬಗ್ಗೆ ನನ್ನನ್ನು ಕೇಳುತ್ತಲೇ ಬಂದಿದ್ದಾರೆ. ಹೆಚ್ಚಾಗಿ ಕೇಳಿದವುಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಶಾಸಕರು ಸಚಿವರನ್ನು ಪ್ರಶ್ನಿಸುವ ಅಧಿಕಾರ ಎಲ್ಲಿಂದ ಬಂತು?

ಸಂವಿಧಾನದ 164(2)ನೇ ವಿಧಿಯ ಪ್ರಕಾರ ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ. ಹೊಣೆ ಇರುವವರು ಲೆಕ್ಕ ಕೊಡಬೇಕು. ಆ ಲೆಕ್ಕ ಕೇಳುವ ದಿನನಿತ್ಯದ ಸಾಧನವೇ ಪ್ರಶ್ನೆ. ಸದನಗಳ ಕಾರ್ಯವಿಧಾನ ಮತ್ತು ನಡವಳಿಕೆ ನಿಯಮಗಳು ಅದಕ್ಕೆ ವಿಧಿವಿಧಾನಗಳನ್ನು ಹಾಕಿಕೊಟ್ಟಿವೆ.

ನಮ್ಮ ಸೀಮೆಯಲ್ಲಿ ಇದರ ಬೇರು ಸ್ವಾತಂತ್ರ್ಯಕ್ಕಿಂತ ಹಿಂದಿನದು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ತಾಲ್ಲೂಕುಗಳಿಂದ ಬಂದ ಪ್ರತಿನಿಧಿಗಳು ದಸರಾ ಸಮಯದಲ್ಲಿ ಮೈಸೂರಿನಲ್ಲಿ ಕುಳಿತು ತಮ್ಮ ಕಡೆಯ ಕಷ್ಟಗಳನ್ನು ದಿವಾನರ ಮುಂದಿಡುತ್ತಿದ್ದರು. 1907ರಲ್ಲಿ ಶಾಸನ ಸಭೆ ಬಂತು. ಆ ಸಭೆಯ ಸದಸ್ಯ ಸಂಖ್ಯೆಯನ್ನು 18ರಿಂದ 24ಕ್ಕೆ ಏರಿಸಿ, ಅದಕ್ಕೆ ಆಯವ್ಯಯವನ್ನು ಚರ್ಚಿಸುವ ಅಧಿಕಾರ ದೊರೆತದ್ದು ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಅವರು ಹುಟ್ಟಿದ ಮುದ್ದೇನಹಳ್ಳಿ ಇಂದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಸ್ವಾತಂತ್ರ್ಯ ಬಂದ ಮೇಲೆ ಮೈಸೂರಿನ ಮೊದಲ ಮುಖ್ಯಮಂತ್ರಿಯಾಗಿ ಶಾಸಕರಿಗೆ ಉತ್ತರ ಕೊಡುವ ಸ್ಥಾನದಲ್ಲಿ ಕುಳಿತ ಕೆ.ಸಿ. ರೆಡ್ಡಿಯವರು ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯವರು. ಸರ್ಕಾರವನ್ನು ಕೇಳುವ ರೂಢಿ ನಮ್ಮ ಜಿಲ್ಲೆಗಳಿಗೆ ಹೊಸದೇನಲ್ಲ ಎಂಬುದನ್ನು ನೆನಪಿಸಲಿಕ್ಕಾಗಿ ಇಷ್ಟನ್ನು ಹೇಳಿದೆ.

ಚುಕ್ಕೆ ಗುರುತಿನ ಪ್ರಶ್ನೆ ಎಂದರೇನು?

ಪಟ್ಟಿಯಲ್ಲಿ ಪ್ರಶ್ನೆಯ ಪಕ್ಕ ನಕ್ಷತ್ರದ ಗುರುತು ಇದ್ದರೆ ಅದಕ್ಕೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು. ಗುರುತು ಇಲ್ಲದಿದ್ದರೆ ಉತ್ತರ ಲಿಖಿತವಾಗಿ ಮಾತ್ರ ಬರುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಯ ನಿಜವಾದ ಬೆಲೆ ಇರುವುದು ಉಪಪ್ರಶ್ನೆಯಲ್ಲಿ. ಸಚಿವರು “ಮಾನ್ಯ ಸಭಾಧ್ಯಕ್ಷರೇ, ಉತ್ತರವನ್ನು ಒದಗಿಸಲಾಗಿದೆ” ಎಂದು ಕುಳಿತ ಕೂಡಲೇ ಶಾಸಕರು ಎದ್ದು, ಆ ಉತ್ತರದಲ್ಲೇ ಇರುವ ಅಂಕಿಯನ್ನು ಹಿಡಿದು ಮರುಪ್ರಶ್ನೆ ಹಾಕಬಹುದು, ಅದಕ್ಕೆ ಸಚಿವರು ನಿಂತಲ್ಲೇ ಜವಾಬು ಕೊಡಬೇಕು. ಪ್ರತಿದಿನ ಇಂಥ ಪ್ರಶ್ನೆಗಳಿಗೆ ಸಿಗುವ ಜಾಗ ಬಹಳ ಕಡಿಮೆ. ಸದನದಲ್ಲಿ ಗದ್ದಲವಾಗಿ ಪ್ರಶ್ನೋತ್ತರ ಅವಧಿ ಕೊಚ್ಚಿಹೋದರೆ ಉಪಪ್ರಶ್ನೆಯ ಅವಕಾಶವೂ ಅದರೊಂದಿಗೇ ಹೋಗುತ್ತದೆ.

ಊರಿನ ಕೆಲಸದ ಲೆಕ್ಕ ಬೇಕಾದವರಿಗೆ ಚುಕ್ಕೆ ಇಲ್ಲದ ಪ್ರಶ್ನೆಯೇ ಹೆಚ್ಚು ಉಪಯುಕ್ತ ಎಂಬುದು ನನ್ನ ಅನುಭವ. ಅದು ಟಿವಿಯಲ್ಲಿ ಬರುವುದಿಲ್ಲ, ಆದರೆ ಕೆರೆವಾರು, ಗ್ರಾಮವಾರು, ವರ್ಷವಾರು ಅನುಬಂಧಗಳು ಅದರಲ್ಲೇ ಸಿಗುವುದು.

ನಮ್ಮ ಜಿಲ್ಲೆಗಳಿಂದ ಪ್ರಶ್ನೆ ಕೇಳಬಲ್ಲವರು ಎಷ್ಟು ಜನ?

ವಿಧಾನಸಭೆಯ 224 ಕ್ಷೇತ್ರಗಳಲ್ಲಿ ತುಮಕೂರು ಜಿಲ್ಲೆಯಲ್ಲಿ 11, ಕೋಲಾರದಲ್ಲಿ 6, ಚಿಕ್ಕಬಳ್ಳಾಪುರದಲ್ಲಿ 5 ಕ್ಷೇತ್ರಗಳಿವೆ. 75 ಸದಸ್ಯರ ವಿಧಾನ ಪರಿಷತ್ತನ್ನು ಜನರು ಮರೆತೇಬಿಡುತ್ತಾರೆ. ಆಗ್ನೇಯ ಪದವೀಧರರ ಕ್ಷೇತ್ರ, ಆಗ್ನೇಯ ಶಿಕ್ಷಕರ ಕ್ಷೇತ್ರ, ಸ್ಥಳೀಯ ಸಂಸ್ಥೆಗಳ ಕ್ಷೇತ್ರಗಳಿಂದ ಆಯ್ಕೆಯಾದ ಪರಿಷತ್ ಸದಸ್ಯರೂ ನಮ್ಮ ಪ್ರತಿನಿಧಿಗಳೇ, ಅವರಿಗೂ ಪ್ರಶ್ನಿಸುವ ಹಕ್ಕಿದೆ.

ನಮ್ಮ ಶಾಸಕರು ಆಳುವ ಪಕ್ಷದವರು. ಅವರು ಸರ್ಕಾರವನ್ನು ಕೇಳಬಹುದೇ? ಅವರೇ ಸಚಿವರಾಗಿದ್ದರೆ?

ಆಳುವ ಪಕ್ಷದ ಶಾಸಕರು ಧಾರಾಳವಾಗಿ ಕೇಳಬಹುದು, ಕೇಳುತ್ತಲೂ ಇದ್ದಾರೆ. ಸಚಿವರಾದವರು ಮಾತ್ರ ಉತ್ತರಿಸುವ ಕಡೆ ಇರುವುದರಿಂದ ಪ್ರಶ್ನೆ ಕೇಳುವುದಿಲ್ಲ. ಹಾಗಾದಾಗ ಬೇರೆ ಕ್ಷೇತ್ರದ ಶಾಸಕರನ್ನೋ ಪರಿಷತ್ ಸದಸ್ಯರನ್ನೋ ಕೋರಬೇಕು. ತನ್ನ ಕ್ಷೇತ್ರದ ವಿಷಯವನ್ನಷ್ಟೇ ಕೇಳಬೇಕೆಂಬ ನಿರ್ಬಂಧ ಸದಸ್ಯರಿಗಿಲ್ಲ. ಶಿರಾದ ಕೆರೆಯ ಬಗ್ಗೆ ಮಾಲೂರಿನ ಶಾಸಕರು ಕೇಳಿದರೂ ಉತ್ತರ ಬರಲೇಬೇಕು. ಈ ಒಂದು ಸಂಗತಿ ತಿಳಿಯದೆ ಎಷ್ಟೋ ಸಂಘಗಳು ಐದೈದು ವರ್ಷ ಸುಮ್ಮನೆ ಕಾದದ್ದನ್ನು ನೋಡಿದ್ದೇನೆ.

ನೀರಿನ ಬಗ್ಗೆ ಯಾವ ಸಚಿವರನ್ನು ಕೇಳಬೇಕು?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಬರುವುದು ಸಹಜವೂ ಹೌದು. ವರ್ಷವಿಡೀ ಹರಿಯುವ ನದಿಯಿಲ್ಲದ, ಸಾವಿರ ಅಡಿ ದಾಟಿ ಕೊಳವೆಬಾವಿ ಕೊರೆಸಿ ಕೈಸುಟ್ಟುಕೊಂಡ, ಫ್ಲೋರೈಡ್ ನೀರು ಕುಡಿದು ಹಲ್ಲು ಮೂಳೆ ಕೆಡಿಸಿಕೊಂಡ ಸೀಮೆ ನಮ್ಮದು. ಶಾಶ್ವತ ನೀರಾವರಿಗಾಗಿ ನಡೆದ ಹೋರಾಟ, ಪಶ್ಚಿಮಕ್ಕೆ ಹರಿಯುವ ನದಿಗಳ ನೀರನ್ನು ಬಯಲುಸೀಮೆಗೆ ತರುವ ಬಗ್ಗೆ ನೀರಾವರಿ ತಜ್ಞ ಡಾ. ಪರಮಶಿವಯ್ಯ ಕೊಟ್ಟ ವರದಿಯ ಜಾರಿಗಾಗಿ ಮಾಡಿದ ಧರಣಿಗಳನ್ನು ಯಾರೂ ಮರೆತಿಲ್ಲ. ಆದರೆ ‘ನೀರು’ ಎಂಬ ಒಂದೇ ಮಾತಿನಡಿ ಹಲವು ಇಲಾಖೆಗಳಿವೆ. ತಪ್ಪು ಇಲಾಖೆಗೆ ಹೋದ ಪ್ರಶ್ನೆ “ಈ ವಿಷಯವು ನಮ್ಮ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ” ಎಂಬ ಸಾಲಿನೊಂದಿಗೆ ಮರಳುತ್ತದೆ, ಅಥವಾ ಇಲಾಖೆಯಿಂದ ಇಲಾಖೆಗೆ ವರ್ಗವಾಗುವಷ್ಟರಲ್ಲಿ ಅಧಿವೇಶನವೇ ಮುಗಿದಿರುತ್ತದೆ.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ ಸಣ್ಣ ನೀರಾವರಿ ಇಲಾಖೆಯದು. ದಿನಕ್ಕೆ 440 ದಶಲಕ್ಷ ಲೀಟರ್ ನೀರು, 126 ಕೆರೆಗಳು ಎಂಬುದು ಅದರ ಮೂಲ ಲೆಕ್ಕ. 2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಚಿಕ್ಕಬಳ್ಳಾಪುರದ ಕಡೆಗೆ ಬರುವ ಹೆಬ್ಬಾಳ–ನಾಗವಾರ ಕಣಿವೆಯ ನೀರೂ ಇದೇ ಇಲಾಖೆಯದು. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತವೂ ಬೇಕು ಎಂಬ ರೈತರ ಬೇಡಿಕೆ ಸಂಬಂಧದ ಪ್ರಶ್ನೆ ಹೋಗಬೇಕಾದದ್ದೂ ಅಲ್ಲಿಗೇ.

ಪಶ್ಚಿಮ ಘಟ್ಟದ ಹೊಳೆಗಳ ನೀರನ್ನು ನಮ್ಮ ಕಡೆಗೆ ತಿರುಗಿಸುವ ಎತ್ತಿನಹೊಳೆ ಯೋಜನೆ ಬೇರೆ. ಅದನ್ನು ನಡೆಸುವುದು ವಿಶ್ವೇಶ್ವರಯ್ಯ ಜಲ ನಿಗಮ, ಉತ್ತರಿಸಬೇಕಾದವರು ಜಲಸಂಪನ್ಮೂಲ ಸಚಿವರು. ತುಮಕೂರಿನ ಹೇಮಾವತಿ ನಾಲೆ ಮತ್ತು ಭದ್ರಾ ಮೇಲ್ದಂಡೆ ಕೂಡ ಅವರ ಇಲಾಖೆಗೇ ಸೇರುತ್ತವೆ. ಮನೆಯ ನಲ್ಲಿಗೆ ತಲಾ ದಿನಕ್ಕೆ 55 ಲೀಟರ್ ಕೊಡಬೇಕಾದ ಜಲ ಜೀವನ್ ಮಿಷನ್ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯಲ್ಲಿದೆ. ಇನ್ನು ಊರ ಕೆರೆ: ಅಚ್ಚುಕಟ್ಟು 40 ಹೆಕ್ಟೇರ್ ದಾಟಿದ್ದರೆ ಸಣ್ಣ ನೀರಾವರಿ, ಅದಕ್ಕಿಂತ ಚಿಕ್ಕದಾದರೆ ಪಂಚಾಯತ್ ರಾಜ್ ವ್ಯವಸ್ಥೆಯದು. ಪ್ರಶ್ನೆ ಬರೆಯುವ ಮೊದಲು ಕೆರೆಯ ಅಚ್ಚುಕಟ್ಟೆಷ್ಟು ಎಂದು ಖಚಿತಪಡಿಸಿಕೊಳ್ಳಬೇಕು.

ಕೇಂದ್ರ ಸರ್ಕಾರಕ್ಕೆ ಸೇರಿದ ವಿಷಯಗಳು?

ಅವುಗಳಿಗೆ ಲೋಕಸಭೆ ಅಥವಾ ರಾಜ್ಯಸಭೆಯ ಸದಸ್ಯರೇ ಬೇಕು. ತುಮಕೂರು–ರಾಯದುರ್ಗ ರೈಲು ಮಾರ್ಗದ ಪ್ರಶ್ನೆ ರೈಲ್ವೆ ಸಚಿವರಿಗೆ, 2001ರಲ್ಲಿ ಮುಚ್ಚಿದ ಕೆಜಿಎಫ್‌ನ ಚಿನ್ನದ ಗಣಿ ಮತ್ತು ಅದರ ಕಾರ್ಮಿಕರ ವಸತಿಯ ಪ್ರಶ್ನೆ ಕೇಂದ್ರ ಗಣಿ ಸಚಿವರಿಗೆ. ಭದ್ರಾ ಮೇಲ್ದಂಡೆಗೆ 2023–24ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿಯ ವಿಷಯವನ್ನು ಎರಡೂ ಕಡೆ ಕೇಳಬೇಕು: ಕೊಟ್ಟದ್ದೆಷ್ಟು ಎಂದು ಸಂಸತ್ತಿನಲ್ಲಿ, ಬಂದದ್ದೆಷ್ಟು ಎಂದು ವಿಧಾನಸಭೆಯಲ್ಲಿ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳಿಗಷ್ಟೇ ಅವಕಾಶ.

ಪ್ರಶ್ನೆಯನ್ನು ಹೇಗೆ ಬರೆದುಕೊಡಬೇಕು?

ಉತ್ತರ ಪತ್ರದ ನಮೂನೆಯನ್ನು ಒಮ್ಮೆ ಕಣ್ಣಿನಿಂದ ನೋಡಿದರೆ ಇದು ತಾನಾಗಿ ಅರ್ಥವಾಗುತ್ತದೆ. ಮೇಲೆ ‘ಕರ್ನಾಟಕ ವಿಧಾನ ಸಭೆ’, ಅದರ ಕೆಳಗೆ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸಬೇಕಾದ ದಿನಾಂಕ, ಉತ್ತರಿಸುವ ಸಚಿವರು. ಆಮೇಲೆ ಒಂದು ಕೋಷ್ಟಕ: ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆಯನ್ನು (ಅ), (ಆ), (ಇ) ಎಂದು ಭಾಗ ಮಾಡಿರುತ್ತಾರೆ. ಎಡಗಡೆ “ತಾಲ್ಲೂಕಿನಲ್ಲಿ ಕುಡಿಯುವ ನೀರಿನ ಸಮಸ್ಯೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?” ಎಂದು ನಾಲ್ಕು ಸಾಲು ಇದ್ದರೆ, ಬಲಗಡೆ “ಬಂದಿದೆ” ಎಂಬ ಒಂದೇ ಪದ ಇರುತ್ತದೆ. “ಕ್ರಮಗಳೇನು?” ಎಂದರೆ “ನಿಯಮಾನುಸಾರ ಅಗತ್ಯ ಕ್ರಮ ವಹಿಸಲಾಗುತ್ತಿದೆ” ಎಂದಿರುತ್ತದೆ. ಸುಳ್ಳು ಎನ್ನಲಾಗದ, ಯಾವ ಉಪಯೋಗಕ್ಕೂ ಬಾರದ ಉತ್ತರ ಅದು. ಇಂಥವನ್ನು ನನ್ನ ಕೈಯಾರೆ ಬಹಳಷ್ಟು ಬರೆದಿದ್ದೇನೆ. ಪ್ರಶ್ನೆ ಸಡಿಲವಾಗಿದ್ದರೆ ಉತ್ತರವೂ ಸಡಿಲವಾಗುತ್ತಿತ್ತು.

ಬದಲಿಗೆ ಹೀಗೆ ಕೇಳಿ ನೋಡಿ: (ಅ) ಕೆ.ಸಿ. ವ್ಯಾಲಿ ಯೋಜನೆಯಡಿ ಮುಳಬಾಗಿಲು ತಾಲ್ಲೂಕಿನ ಯಾವ ಯಾವ ಕೆರೆಗಳಿಗೆ ನೀರು ಹರಿಸಲಾಗಿದೆ, ಕೆರೆವಾರು ಮೊದಲು ನೀರು ತಲುಪಿದ ದಿನಾಂಕವೇನು; (ಆ) ಪಂಪ್‌ಹೌಸ್ ಮತ್ತು ಕೊಳವೆ ಮಾರ್ಗದ ನಿರ್ವಹಣೆಗೆ ಕಳೆದ ಮೂರು ವರ್ಷಗಳಲ್ಲಿ ಹಂಚಿಕೆಯಾದ, ಬಿಡುಗಡೆಯಾದ ಮತ್ತು ವೆಚ್ಚವಾದ ಮೊತ್ತಗಳೆಷ್ಟು; (ಇ) ಈ ಕೆರೆಗಳ ನೀರನ್ನು ಯಾವ ಯಾವ ದಿನಾಂಕಗಳಂದು ಯಾವ ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ, ಫಲಿತಾಂಶದ ಪ್ರತಿ ನೀಡುವುದು. ಇಲ್ಲಿ “ಬಂದಿದೆ” ಎಂದು ಬರೆದು ಕೈತೊಳೆದುಕೊಳ್ಳಲು ಸಾಧ್ಯವೇ ಇಲ್ಲ.

ಹಂಚಿಕೆ, ಬಿಡುಗಡೆ, ವೆಚ್ಚ ಎಂಬ ಮೂರನ್ನೂ ಬಿಡಿಬಿಡಿಯಾಗಿ ಕೇಳಲೇಬೇಕು. ಹಂಚಿಕೆ ಎಂದರೆ ಬಜೆಟ್ ಪುಸ್ತಕದಲ್ಲಿರುವ ಅಂಕಿ. ಬಿಡುಗಡೆ ಎಂದರೆ ಆರ್ಥಿಕ ಇಲಾಖೆಯ ಒಪ್ಪಿಗೆಯಾಗಿ ಇಲಾಖೆಯ ಕೈಗೆ ಬಂದ ಹಣ. ವೆಚ್ಚ ಎಂದರೆ ಖಜಾನೆಯಲ್ಲಿ ಬಿಲ್ಲು ಪಾಸಾಗಿ ಹೊರಗೆ ಹೋದದ್ದು. ಸಭೆಗಳಲ್ಲಿ, ಪತ್ರಿಕಾ ಹೇಳಿಕೆಗಳಲ್ಲಿ ಕೇಳಿಬರುವುದು ಮೊದಲನೆಯ ಅಂಕಿ. ಊರಿಗೆ ತಲುಪಿದ್ದರೆ ಅದು ಮೂರನೆಯದು.

ನ್ಯಾಯಾಲಯದ ವಿಚಾರಣೆಯಲ್ಲಿರುವ ವಿಷಯ, ಅಭಿಪ್ರಾಯ ಕೇಳುವ ವಾಕ್ಯ, ಆರೋಪದ ಧಾಟಿ ಇದ್ದರೆ ಸಭಾಧ್ಯಕ್ಷರು (ಪರಿಷತ್ತಿನಲ್ಲಿ ಸಭಾಪತಿ) ಪ್ರಶ್ನೆಯನ್ನು ತಿರಸ್ಕರಿಸಬಹುದು. ಸಿಟ್ಟನ್ನು ಭಾಷಣಕ್ಕೆ ಇಟ್ಟುಕೊಂಡು ಪ್ರಶ್ನೆಯಲ್ಲಿ ದಿನಾಂಕ, ಸ್ಥಳ, ಮೊತ್ತ ಇಷ್ಟನ್ನೇ ಬರೆಯಬೇಕು. ಅಧಿವೇಶನದ ದಿನಾಂಕ ಗೊತ್ತಾದ ಕೂಡಲೇ ಶಾಸಕರ ಆಪ್ತ ಸಹಾಯಕರ ಕೈಗೆ ಮುಟ್ಟಿಸಿದರೆ ಒಳ್ಳೆಯದು, ಏಕೆಂದರೆ ಸೂಚನೆ ಕೊಡಲು ಮುಂಗಡ ಕಾಲಾವಕಾಶ ಬೇಕಾಗುತ್ತದೆ.

ಉತ್ತರವನ್ನು ನಿಜವಾಗಿ ಬರೆಯುವವರು ಯಾರು?

ಸಹಿ ಸಚಿವರದು, ಹೊಣೆಯೂ ಅವರದೇ. ಬರವಣಿಗೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಪ್ರಶ್ನೆಯು ಸದನದ ಸಚಿವಾಲಯದಿಂದ ಇಲಾಖೆಗೆ, ಅಲ್ಲಿಂದ ಜಿಲ್ಲೆಗೆ, ತಾಲ್ಲೂಕಿಗೆ, ಕೊನೆಗೆ ಗ್ರಾಮ ಪಂಚಾಯಿತಿಯ ಪಿಡಿಒ ಅಥವಾ ಕಿರಿಯ ಎಂಜಿನಿಯರ್ ಬಳಿಗೆ ಇಳಿಯುತ್ತದೆ. ಸಂಜೆ ನಾಲ್ಕಕ್ಕೆ ಬಂದ ಪತ್ರದಲ್ಲಿ ಮರುದಿನ ಬೆಳಿಗ್ಗೆ ಹತ್ತರೊಳಗೆ ಮಾಹಿತಿ ಸಲ್ಲಿಸಬೇಕೆಂದು ಇರುತ್ತಿತ್ತು. ಅಷ್ಟರಲ್ಲಿ ಯಾರೂ ಕೆರೆಯ ಏರಿ ಹತ್ತಿ ನೋಡಿ ಬರಲಾರರು. ಹಳೆಯ ತಖ್ತೆ (ಮಾಹಿತಿಯ ಪಟ್ಟಿ) ತೆಗೆದು, ವರ್ಷ ಬದಲಾಯಿಸಿ, ಕೂಡಿಸಿ ಕಳುಹಿಸುತ್ತಿದ್ದೆವು. ಉತ್ತರಗಳಲ್ಲಿ ತಪ್ಪು ಹೊಕ್ಕುವುದು ಹೆಚ್ಚಾಗಿ ಈ ಒಂದು ರಾತ್ರಿಯಲ್ಲೇ.

ತುರ್ತು ವಿಷಯವಾದರೆ ಪ್ರಶ್ನೆಗೆ ಕಾಯುತ್ತಾ ಕೂರಬೇಕೇ?

ಬೇಕಿಲ್ಲ. ವಿಧಾನಸಭೆಯಲ್ಲಿ ನಿಯಮ 73ರಡಿ ಗಮನ ಸೆಳೆಯುವ ಸೂಚನೆ ಕೊಟ್ಟರೆ ಸಚಿವರು ಹೇಳಿಕೆ ನೀಡಬೇಕಾಗುತ್ತದೆ. ನಿಯಮ 60ರ ನಿಲುವಳಿ ಸೂಚನೆ ಎಂದರೆ ಉಳಿದ ಕಲಾಪವನ್ನು ಬದಿಗಿಟ್ಟು ಈ ವಿಷಯವನ್ನೇ ಚರ್ಚಿಸಿ ಎಂಬ ಕೋರಿಕೆ. ಅದನ್ನು ನಿಯಮ 69ಕ್ಕೆ ಪರಿವರ್ತಿಸಿ ಚರ್ಚೆಗೆ ಅವಕಾಶ ಕೊಡುವುದನ್ನು ನೀವು ಹಲವು ಬಾರಿ ಸುದ್ದಿಯಲ್ಲಿ ಕೇಳಿರುತ್ತೀರಿ. ನಿಯಮ 351ರಡಿಯೂ ಸಾರ್ವಜನಿಕ ಮಹತ್ವದ ಸಂಗತಿಯನ್ನು ಪ್ರಸ್ತಾಪಿಸಬಹುದು. ತುರ್ತು ವಿಷಯಗಳನ್ನು ಎತ್ತುವ ಶೂನ್ಯ ವೇಳೆಯೂ ಇದೆ. ಪರಿಷತ್ತಿನ ನಿಯಮಗಳಿಗೆ ಬೇರೆ ಸಂಖ್ಯೆಗಳಿವೆ.

ಹಣ ಖರ್ಚಿನ ಮೇಲೆ ಸದನಕ್ಕೆ ನಿಜವಾದ ಹಿಡಿತ ಇದೆಯೇ?

ಕಾಗದದ ಮೇಲೆ ಬಹಳ ಇದೆ. ಸಂವಿಧಾನದ 203ನೇ ವಿಧಿಯಂತೆ ಪ್ರತಿ ಇಲಾಖೆಯ ಅನುದಾನ ಬೇಡಿಕೆಗೆ ವಿಧಾನಸಭೆಯ ಒಪ್ಪಿಗೆ ಬೇಕು. ಸಭೆ ಒಪ್ಪಬಹುದು, ನಿರಾಕರಿಸಬಹುದು, ಮೊತ್ತವನ್ನು ಕಡಿತ ಮಾಡಬಹುದು. ಮಂಜೂರಾದ ಹಣ ಸಾಲದಿದ್ದರೆ 205ನೇ ವಿಧಿಯಡಿ ಪೂರಕ ಅಂದಾಜುಗಳನ್ನು ತರಬೇಕು. ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರ ಪರಿಷತ್ತಿಗಿಲ್ಲ, ಆಯವ್ಯಯದ ಮೇಲೆ ಚರ್ಚಿಸಬಹುದು.

ಹಿಡಿತ ಎಲ್ಲಿ ಸಡಿಲವಾಗುತ್ತದೆ ಎಂಬುದಕ್ಕೆ ಎತ್ತಿನಹೊಳೆಯನ್ನೇ ನೋಡಬೇಕು. 2012ರಲ್ಲಿ ಅದರ ಅಂದಾಜು 8,323 ಕೋಟಿ ರೂಪಾಯಿ. 2014ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆಯಾಯಿತು. ಆ ವರ್ಷದ ಪರಿಷ್ಕೃತ ಅಂದಾಜು 12,912 ಕೋಟಿ. 2023ರಲ್ಲಿ ಅದು 23,251 ಕೋಟಿಗೆ ಏರಿತು. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಕಡೆ ಮೊದಲ ಹಂತ ಉದ್ಘಾಟನೆಯಾಯಿತು. ಅಂದಾಜು ಮೇಲಕ್ಕೆ ಏರಿದಷ್ಟು ವೇಗದಲ್ಲಿ ಶಂಕುಸ್ಥಾಪನೆ ಕಂಡ ಊರಿಗೆ ನೀರು ಬರಲಿಲ್ಲ. ಪ್ರತಿ ಬಾರಿ ಅಂದಾಜು ಪರಿಷ್ಕಾರವಾದಾಗಲೂ ಹೆಚ್ಚಳದಲ್ಲಿ ಭೂಸ್ವಾಧೀನಕ್ಕೆ ಎಷ್ಟು, ದರಪಟ್ಟಿ ಬದಲಾದುದಕ್ಕೆ ಎಷ್ಟು, ವಿನ್ಯಾಸ ಬದಲಿಸಿದ್ದಕ್ಕೆ ಎಷ್ಟು ಎಂದು ಭಾಗ ಮಾಡಿ ಕೇಳಬೇಕು, 24.01 ಟಿಎಂಸಿ ಎಂಬ ಮೂಲ ಅಂದಾಜಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರಗಳ ಪಾಲು ಎಷ್ಟು, ಯಾವ ತಿಂಗಳೊಳಗೆ ಎಂದು ಪ್ರತಿ ಅಧಿವೇಶನದಲ್ಲೂ ಕೇಳುತ್ತಲೇ ಇರಬೇಕು. ಈ ವಿಷಯದಲ್ಲಿ ನಮ್ಮ ಮೂರೂ ಜಿಲ್ಲೆಗಳ 22 ಶಾಸಕರು ಪಕ್ಷ ಮರೆತು ಒಂದೇ ಪ್ರಶ್ನೆಯನ್ನು ಹಿಡಿಯಬೇಕೆಂಬುದು ನನ್ನ ಬಹುದಿನದ ಆಸೆ.

ಖರ್ಚಾದ ಮೇಲಿನ ಕೆಲಸ ಸಮಿತಿಗಳದು. ಮಹಾಲೇಖಪಾಲರ (ಸಿಎಜಿ) ವರದಿ 151(2)ನೇ ವಿಧಿಯಡಿ ರಾಜ್ಯಪಾಲರ ಮೂಲಕ ಸದನದ ಮುಂದೆ ಬರುತ್ತದೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ಹಿಡಿದು ಅಧಿಕಾರಿಗಳನ್ನು ಕರೆಸಿ ವಿಚಾರಿಸುತ್ತದೆ. ಸಚಿವರು ಸದನದಲ್ಲಿ “ಕ್ರಮ ಕೈಗೊಳ್ಳಲಾಗುವುದು” ಎಂದರೆ ಅದು ಗಾಳಿಗೆ ಹೋಗುವ ಮಾತಲ್ಲ, ಸರ್ಕಾರಿ ಭರವಸೆಗಳ ಸಮಿತಿ ಅದರ ಬೆನ್ನು ಹತ್ತಬಹುದು. ಆ ಸಮಿತಿಯ ಸದಸ್ಯರಿಗೆ ಭರವಸೆ ಕೊಟ್ಟ ದಿನಾಂಕ ತಿಳಿಸಿ ಪತ್ರ ಬರೆಯುವುದನ್ನು ನಮ್ಮವರು ಇನ್ನೂ ರೂಢಿಸಿಕೊಂಡಿಲ್ಲ.

ಅಧಿವೇಶನ ವರ್ಷಕ್ಕೆ ಎಷ್ಟು ದಿನ ನಡೆಯುತ್ತದೆ?

ವರ್ಷಕ್ಕೆ ಕನಿಷ್ಠ 60 ದಿನ ನಡೆಯಬೇಕೆಂದು 2005ರ ರಾಜ್ಯ ಕಾಯ್ದೆಯೇ ಹೇಳುತ್ತದೆ. ಎಷ್ಟೋ ವರ್ಷ ಅಷ್ಟು ದಿನ ಸೇರಿಲ್ಲ. ದಿನ ಕಡಿಮೆಯಾದರೆ ಭಾಷಣಗಳು ಕಡಿಮೆಯಾಗುವುದರಿಂದ ನನಗೆ ಬೇಸರವಿಲ್ಲ; ಪ್ರಶ್ನೋತ್ತರದ ಬೆಳಗುಗಳು ಕಡಿಮೆಯಾಗುತ್ತವಲ್ಲ, ಅದು ನಮ್ಮಂಥ ಜಿಲ್ಲೆಗಳಿಗೆ ಆಗುವ ನೇರ ನಷ್ಟ.

ಅಧಿವೇಶನವಿಲ್ಲದ ತಿಂಗಳುಗಳಲ್ಲಿ ಇಲಾಖೆಗಳ ಪ್ರಗತಿ ಪರಿಶೀಲಿಸುವ ಜಿಲ್ಲಾ ಉಸ್ತುವಾರಿ ಸಚಿವರ ಕೆಡಿಪಿ ಸಭೆ, ಶಾಸಕರ ತಾಲ್ಲೂಕು ಕೆಡಿಪಿ ಸಭೆ, ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ಸಂಸದರ ದಿಶಾ ಸಭೆಗಳಿವೆ. ಅಲ್ಲಿ ಅಧಿಕಾರಿಗಳನ್ನು ಎದುರಿಗೆ ನಿಲ್ಲಿಸಿ ಕೇಳಬಹುದು, ಆದರೆ ಸದನದಲ್ಲಿ ಮಂಡಿಸಿದ ಉತ್ತರದ ತೂಕ ಆ ನಡವಳಿಗಳಿಗೆ ಇರುವುದಿಲ್ಲ.

ಉತ್ತರದ ಪ್ರತಿ ಎಲ್ಲಿ ಸಿಗುತ್ತದೆ?

ವಿಧಾನಸಭೆ ಮತ್ತು ಪರಿಷತ್ತಿನ ಜಾಲತಾಣಗಳಲ್ಲಿ ಅಧಿವೇಶನವಾರು, ದಿನಾಂಕವಾರು ಹಾಕಿರುತ್ತಾರೆ. ಅನುಬಂಧ ಕಾಣದಿದ್ದರೆ ಪ್ರಶ್ನೆ ಕೇಳಿದ ಶಾಸಕರ ಕಚೇರಿಯಲ್ಲಿ ಪ್ರತಿ ಪಡೆಯಬಹುದು. ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಬಹುದು: ಶುಲ್ಕ 10 ರೂಪಾಯಿ, ಕರ್ನಾಟಕದ ನಿಯಮದಂತೆ 150 ಪದಗಳೊಳಗೆ ಒಂದೇ ವಿಷಯ, ಉತ್ತರಕ್ಕೆ 30 ದಿನ.

ಉತ್ತರ ತಪ್ಪಾಗಿದ್ದರೆ ಏನು ಮಾಡಬಹುದು?

ಸಚಿವರು ಬೇಕೆಂದೇ ಸದನದ ದಾರಿ ತಪ್ಪಿಸಿದರೆ ಸದನದ ಹಕ್ಕಿಗೆ ಧಕ್ಕೆಯಾಗಿದೆ ಎಂದು ಶಾಸಕರು ಹಕ್ಕುಚ್ಯುತಿ ಸೂಚನೆ ಕೊಡಬಹುದು. ಬಹುಪಾಲು ತಪ್ಪುಗಳು ಮೇಲೆ ಹೇಳಿದಂತೆ ಕೆಳಗಿನ ಕಚೇರಿಯ ಅವಸರದವು. ಅವುಗಳಿಗೆ ಸ್ಥಳದ ಸಾಕ್ಷ್ಯವೇ ಮದ್ದು.

ಒಂದು ದಿನ ಒಬ್ಬ ಹಿರಿಯರು ನನ್ನ ಮೇಜಿನ ಮುಂದೆ ಬಂದು, ನಾಲ್ಕು ಮಡಿಕೆ ಮಾಡಿದ್ದ ಹಾಳೆಯೊಂದನ್ನು ಬಿಡಿಸಿ ಇಟ್ಟರು. ನಾವೇ ತಯಾರಿಸಿ ಕಳುಹಿಸಿದ್ದ ಅನುಬಂಧದ ಪುಟ ಅದು. ಹದಿನೇಳನೇ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೀಟು ಎಳೆದಿತ್ತು. ಕೆರೆಯ ಹೆಸರಿನ ಎದುರು ‘ಹೂಳು ತೆಗೆಯಲಾಗಿದೆ, ಕಾಮಗಾರಿ ಪೂರ್ಣಗೊಂಡಿದೆ’ ಎಂದಿತ್ತು. “ಸ್ವಾಮಿ, ಇದು ನಮ್ಮೂರ ಕೆರೆ. ದಿನಾ ಅಲ್ಲೇ ಕುರಿ ಬಿಡ್ತೀನಿ. ಒಂದು ಜೆಸಿಬೀನೂ ಬಂದಿಲ್ಲ” ಎಂದರು. ಕೂಗಾಡಲಿಲ್ಲ, ನಿಂತೇ ಇದ್ದರು. ಕಡತ ತೆಗೆಸಿದೆವು. ಪಕ್ಕದ ಹೋಬಳಿಯಲ್ಲಿ ಅದೇ ಹೆಸರಿನ ಇನ್ನೊಂದು ಕೆರೆ ಇತ್ತು. ಕೆಲಸವಾದದ್ದು ಅಲ್ಲಿ, ತಖ್ತೆಯಲ್ಲಿ ‘ಪೂರ್ಣ’ ಎಂದು ಬಿದ್ದದ್ದು ಇಲ್ಲಿ. ಪೂರ್ಣವಾಗಿದೆ ಎಂದು ಬರೆದ ಕಾರಣಕ್ಕೇ ಇವರ ಕೆರೆ ಮುಂದಿನ ವರ್ಷದ ಕ್ರಿಯಾಯೋಜನೆಯಿಂದಲೂ ಬಿಟ್ಟುಹೋಗಿತ್ತು.

ಅವರ ಕೈಯಿಂದ ಒಂದು ಅರ್ಜಿ ಬರೆಸಿ, ಆ ಪುಟವನ್ನೂ ಕೆರೆಯ ಎರಡು ಫೋಟೊಗಳನ್ನೂ ಲಗತ್ತಿಸಿ, ಒಂದು ಪ್ರತಿಯನ್ನು ಪ್ರಶ್ನೆ ಕೇಳಿದ ಶಾಸಕರಿಗೆ ಕಳುಹಿಸುವಂತೆ ಹೇಳಿದೆ. ಮುಂದಿನ ಅಧಿವೇಶನದಲ್ಲಿ ಅದೇ ಪ್ರಶ್ನೆ ಮತ್ತೆ ಬಂತು, ಹಳೆಯ ಉತ್ತರದ ಸಂಖ್ಯೆಯ ಉಲ್ಲೇಖದೊಂದಿಗೆ. ಈ ಬಾರಿ ಎಂಜಿನಿಯರ್ ಸ್ಥಳಕ್ಕೆ ಹೋಗಿ ಬಂದರು, ಹದಿನೇಳನೇ ಸಾಲಿನಲ್ಲಿ ‘ಕಾಮಗಾರಿ ಕೈಗೊಂಡಿರುವುದಿಲ್ಲ’ ಎಂದು ನಾನೇ ಟೈಪ್ ಮಾಡಿದೆ.

ಗ್ರಾಮಸಭೆಯಲ್ಲಿ ಈ ಉತ್ತರಗಳನ್ನು ಓದಬಹುದೇ?

ಖಂಡಿತ ಓದಬಹುದು. ಇಡೀ ಉತ್ತರ ಬೇಡ. ನಿಮ್ಮ ಊರಿನ ಹೆಸರಿರುವ ಅನುಬಂಧದ ಪುಟ, ಪ್ರಶ್ನೆಯ ಸಂಖ್ಯೆ ಮತ್ತು ದಿನಾಂಕ ಇರುವ ಮೊದಲ ಪುಟ, ಇವೆರಡನ್ನು ಮುದ್ರಿಸಿ ತೆಗೆದುಕೊಂಡು ಹೋಗಿ. ಓದಿದ್ದು, ಊರಿನವರು ಹೇಳಿದ್ದು ಎರಡನ್ನೂ ಗ್ರಾಮಸಭೆಯ ನಡವಳಿ ಪುಸ್ತಕದಲ್ಲಿ ಬರೆಸಿ, ಸಭೆ ಮುಗಿಯುವ ಮುನ್ನ ಆ ಪುಟದ ಫೋಟೊ ತೆಗೆದುಕೊಳ್ಳಿ.